ಟಾಟಾ ಇನ್‌ಸ್ಟಿಟ್ಯೂಟಿನ ಆರು ತಿಂಗಳ ಮೇಷ್ಟ್ರು

ಕ್ವಾಂಟಂ ವಿಜ್ಞಾನ ಕಟ್ಟಿದವರಲ್ಲಿ ಒಬ್ಬರು 1935ರಲ್ಲಿ ಬೆಂಗಳೂರಿಗೆ ಬಂದು ಪಾಠ ಹೇಳಿದರು. ಹಿಟ್ಲರನ ಕಾನೂನು ಅವರ ಕುರ್ಚಿ ಕಿತ್ತುಕೊಂಡಿತ್ತು, ಸಿ.ವಿ. ರಾಮನ್ ಇಲ್ಲೊಂದು ಕುರ್ಚಿ ಹಾಕಿಸಲು ಹೊರಟರು. ಅತಿಥಿಯಾಗಿ ಇದ್ದಷ್ಟು ದಿನ ಮ್ಯಾಕ್ಸ್ ಬಾರ್ನ್ ಎಲ್ಲರಿಗೂ ಬೇಕಾದವರು. ಇಲ್ಲೇ ಉಳಿಯುವ ಮಾತು ಬಂದಾಗ ಸಭೆಯ ದನಿಯೇ ಬದಲಾಯಿತು.

1935–36ರ ಚಳಿಗಾಲದ ಒಂದು ದಿನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರ ಸಭೆ ಸೇರಿದೆ. ನಿರ್ದೇಶಕ ಸಿ.ವಿ. ರಾಮನ್ ಪ್ರಸ್ತಾವವೊಂದನ್ನು ಮುಂದಿಡುತ್ತಾರೆ: ಸಂಸ್ಥೆಯಲ್ಲಿ ಸೈದ್ಧಾಂತಿಕ ಭೌತವಿಜ್ಞಾನಕ್ಕೆ ಕಾಯಂ ಪೀಠವೊಂದು ಬೇಕು, ಅದನ್ನು ಮ್ಯಾಕ್ಸ್ ಬಾರ್ನ್ ಅವರಿಗೆ ಕೊಡಬೇಕು. ಬಾರ್ನ್ ಅದೇ ಸಭೆಯಲ್ಲಿ ಕೂತಿದ್ದಾರೆ.

ಆಗ ಏಳುತ್ತಾರೆ ಕೆನೆತ್ ಆಸ್ಟನ್. ಇಂಗ್ಲೆಂಡಿನಿಂದ ಈಚೆಗಷ್ಟೇ ಬಂದಿದ್ದ ವಿದ್ಯುತ್ ಎಂಜಿನಿಯರಿಂಗ್ ಪ್ರಾಧ್ಯಾಪಕ. ತನ್ನ ದೇಶದವರೇ ಓಡಿಸಿದ ಎರಡನೇ ದರ್ಜೆಯ ಪರದೇಶಿಯೊಬ್ಬ ಈ ಸಂಸ್ಥೆಗೆ ತಕ್ಕವನಲ್ಲ ಎಂಬುದು ಅವರ ಮಾತಿನ ಸಾರ. ಆಡಿಸಿಕೊಂಡವರು ಎದುರಿಗೇ ಕೂತಿದ್ದರು. ಅದೂ ಹೋಗಲಿ, ಆಸ್ಟನ್ ದಂಪತಿಗೆ ಬಾರ್ನ್ ದಂಪತಿ ಬೇಕಾದಷ್ಟು ಉಪಚಾರ ಮಾಡಿದ್ದರು. ಸಭೆ ಮುಗಿಸಿ ಮನೆಗೆ ಹೋದ ಬಾರ್ನ್, ಹೆಂಡತಿ ಹೆಡ್ವಿಗ್ ಮುಂದೆ ಕೂತು ಅತ್ತುಬಿಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ಪರದೇಶಿ ಎಂದು ಜರೆದವರು ಇಂಗ್ಲೆಂಡಿನವರು, ಜರೆಸಿಕೊಂಡವರು ಜರ್ಮನಿಯವರು, ಕೂತಿದ್ದ ನೆಲ ಮೈಸೂರು ಸಂಸ್ಥಾನದ್ದು. ಈ ವಿಪರ್ಯಾಸ ಸಭೆಯಲ್ಲಿದ್ದ ಯಾರಿಗಾದರೂ ಹೊಳೆದಿದ್ದರೂ ಹೊಳೆದಿರಬಹುದು.

ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರಜ್ಞಾನದ ವರ್ಷವೆಂದು ಆಚರಿಸಿತು. ಆ ವಿಜ್ಞಾನ ಕಣ್ಣುಬಿಟ್ಟು 100 ವರ್ಷವಾಯಿತೆಂಬ ಲೆಕ್ಕ. ಅದೇ ಹೊತ್ತಿಗೆ ಬಾರ್ನ್ ಬೆಂಗಳೂರಿಗೆ ಬಂದು 90 ವರ್ಷವೂ ತುಂಬಿತು. ಎರಡು ಲೆಕ್ಕಗಳ ನಡುವಿನ ಆ ಹತ್ತು ವರ್ಷದಲ್ಲಿ ಒಬ್ಬನೇ ಮನುಷ್ಯ ಎರಡು ಸಲ ಪರದೇಶದಲ್ಲಿ ಸಂದರ್ಶಕ ಪ್ರಾಧ್ಯಾಪಕನಾದ. ಎರಡೂ ಚಳಿಗಾಲದಲ್ಲೇ. ಎರಡರ ಅನುಭವ ಮಾತ್ರ ಅಜಗಜಾಂತರ.

ಮೊದಲ ಚಳಿಗಾಲ: ಬಾಸ್ಟನ್

ಮ್ಯಾಕ್ಸ್ ಬಾರ್ನ್ ಹುಟ್ಟಿದ್ದು 1882ರ ಡಿಸೆಂಬರ್ 11ರಂದು, ಬ್ರೆಸ್ಲೌ ನಗರದ ಯಹೂದಿ ಮನೆತನದಲ್ಲಿ. ಆ ಊರು ಈಗ ಪೋಲೆಂಡಿನಲ್ಲಿದೆ, ಹೆಸರು ವ್ರೊಟ್ಸ್‌ವಾಫ್. 1921ರಿಂದ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಸೈದ್ಧಾಂತಿಕ ಭೌತವಿಜ್ಞಾನದ ಮುಖ್ಯಸ್ಥರು. ವುಲ್ಫ್‌ಗಾಂಗ್ ಪೌಲಿ, ವರ್ನರ್ ಹೈಸೆನ್‌ಬರ್ಗ್ ಅವರ ಸಹಾಯಕರಾಗಿದ್ದರು. ಮುಂದೆ ಅಣುಬಾಂಬಿನ ಯೋಜನೆ ನಡೆಸಿದ ರಾಬರ್ಟ್ ಓಪನ್‌ಹೈಮರ್ 1927ರಲ್ಲಿ ಡಾಕ್ಟರೇಟ್ ಪಡೆದದ್ದು ಅವರ ಕೈಕೆಳಗೆ.

1925ರ ಜುಲೈನಲ್ಲಿ ಹೈಸೆನ್‌ಬರ್ಗ್ ಒಂದು ವಿಚಿತ್ರ ಲೆಕ್ಕದ ಹಸ್ತಪ್ರತಿಯನ್ನು ಬಾರ್ನ್ ಕೈಗಿತ್ತರು. ಅದರಲ್ಲಿ ಎರಡು ರಾಶಿಗಳನ್ನು ಗುಣಿಸುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಉತ್ತರ ಬದಲಾಗುತ್ತಿತ್ತು. ಇದು ಗಣಿತದ ಮ್ಯಾಟ್ರಿಕ್ಸ್ ಎಂದು ಗುರುತು ಹಿಡಿದವರು ಬಾರ್ನ್. ಪ್ಯಾಸ್ಕ್ವಾಲ್ ಯೋರ್ಡಾನ್ ಜೊತೆ ಸೇರಿ ಅವರು ಅದನ್ನು ಸಿದ್ಧಾಂತವಾಗಿ ಕಟ್ಟಿದರು. ಮೂವರೂ ಸೇರಿ ಬರೆದ ದೊಡ್ಡ ಪ್ರಬಂಧ ನವೆಂಬರಿನಲ್ಲಿ ಪತ್ರಿಕೆಗೆ ಹೋಯಿತು. ಅಷ್ಟು ಹೊತ್ತಿಗೆ ಬಾರ್ನ್ ಅಮೆರಿಕದಲ್ಲಿದ್ದರು.

ಬಾಸ್ಟನ್ ಪಕ್ಕದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಂದರೆ ಎಂಐಟಿ, ಅವರನ್ನು ಉಪನ್ಯಾಸಕ್ಕೆ ಕರೆದಿತ್ತು. 1925ರ ನವೆಂಬರಿನಿಂದ ಮರುವರ್ಷದ ಜನವರಿವರೆಗೆ ಅವರು 30 ಉಪನ್ಯಾಸ ಕೊಟ್ಟರು. ಪರಮಾಣು ರಚನೆಯ ಬಗ್ಗೆ 20, ಹರಳುಗಳ ಜಾಲರಚನೆಯ ಬಗ್ಗೆ 10. ಎರಡನೆಯ ವಿಷಯ ನೆನಪಿನಲ್ಲಿರಲಿ, ಅದೇ ಮುಂದೆ ಬೆಂಗಳೂರಿನೊಂದಿಗೆ ಜಗಳಕ್ಕೆ ಕಾರಣವಾಯಿತು. ಉಪನ್ಯಾಸಗಳು 1926ರಲ್ಲಿ ಪುಸ್ತಕವಾದವು. ಹೊಸ ಕ್ವಾಂಟಂ ಬಲವಿಜ್ಞಾನವನ್ನು ಹೇಳಿದ ಮೊದಲ ಪುಸ್ತಕಗಳಲ್ಲಿ ಅದೂ ಒಂದು. ಸಿದ್ಧಾಂತಕ್ಕೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ, ಅಮೆರಿಕದ ವಿದ್ಯಾರ್ಥಿಗಳು ಅದರ ಪಾಠ ಕೇಳುತ್ತಿದ್ದರು. ಸಂದರ್ಶಕ ಪ್ರಾಧ್ಯಾಪಕನಿಂದ ಆಗುವ ದೊಡ್ಡ ಉಪಕಾರ ಇದೇ. ಅಚ್ಚಿನಲ್ಲಿ ಬರುವ ಮುಂಚೆ ವಿದ್ಯೆ ಬಾಯಿಂದ ಕಿವಿಗೆ ದಾಟುತ್ತದೆ.

ಅಲ್ಲಿ ಸಿಕ್ಕವರು ಗಣಿತಜ್ಞ ನಾರ್ಬರ್ಟ್ ವೀನರ್. ಮ್ಯಾಟ್ರಿಕ್ಸ್ ಲೆಕ್ಕ ಸುತ್ತುವ, ಕಂಪಿಸುವ ವ್ಯವಸ್ಥೆಗೆ ಒಗ್ಗುತ್ತಿತ್ತು. ನೆಟ್ಟಗೆ ಹಾದುಹೋಗುವ ಕಣಕ್ಕೆ ಒಗ್ಗುತ್ತಿರಲಿಲ್ಲ. ಇಬ್ಬರೂ ಕೂತು ಆಪರೇಟರ್‌ಗಳನ್ನು ಬಳಸುವ ದಾರಿ ಹುಡುಕಿದರು. ಕೆಲವೇ ವಾರಗಳಲ್ಲಿ ಭೌತವಿಜ್ಞಾನಿ ಶ್ರೋಡಿಂಗರ್ ತಮ್ಮ ತರಂಗ ಸಮೀಕರಣ ಪ್ರಕಟಿಸಿದರು. ಅದರ ಹೊಸ್ತಿಲವರೆಗೆ ಹೋಗಿ ಒಳಗೆ ಕಾಲಿಡದೆ ವಾಪಸಾದೆವಲ್ಲ ಎಂದು ಬಾರ್ನ್ ಆಮೇಲೆ ಪೇಚಾಡಿಕೊಂಡರು.

ಉಪನ್ಯಾಸ ಮುಗಿದ ಮೇಲೆ ಅಮೆರಿಕದ ಇನ್ನಷ್ಟು ವಿಶ್ವವಿದ್ಯಾಲಯಗಳನ್ನು ಸುತ್ತಿ, ಮಾತಾಡಿ, ಬಾರ್ನ್ ಊರಿಗೆ ಮರಳಿದರು. ಗಾಟಿಂಗೆನ್‌ನಲ್ಲಿ ಅವರ ಕುರ್ಚಿ, ಕೋಣೆ, ಶಿಷ್ಯರು ಎಲ್ಲ ಇದ್ದಲ್ಲೇ ಇದ್ದವು. ಅದೇ ಬೇಸಿಗೆಯಲ್ಲಿ ಅವರು ಶ್ರೋಡಿಂಗರ್ ತರಂಗಕ್ಕೆ ಅರ್ಥ ಹೇಳಿದರು: ಕಣ ಎಲ್ಲಿ ಸಿಗಬಹುದು ಎಂಬ ಸಂಭವನೀಯತೆಯನ್ನಷ್ಟೇ ಆ ತರಂಗ ತಿಳಿಸುತ್ತದೆ. 28 ವರ್ಷದ ನಂತರ ನೊಬೆಲ್ ಬಂದದ್ದು ಮುಖ್ಯವಾಗಿ ಇದಕ್ಕೆ.

ಸಂದರ್ಶಕ ಪ್ರಾಧ್ಯಾಪಕನ ಕೆಲಸದ ಸೊಗಸೆಲ್ಲ ವಾಪಸ್ ಟಿಕೆಟ್ಟಿನಲ್ಲಿದೆ. ಹಿಂದಿರುಗಲು ಸ್ವಂತ ಕುರ್ಚಿ ಇದ್ದರೆ ಪರದೇಶದ ಇಲಾಖೆಯ ಜಗಳ ತಮಾಷೆಯಾಗಿ ಕಾಣುತ್ತದೆ, ಊಟ ಸೇರದಿದ್ದರೆ ಪತ್ರದಲ್ಲಿ ಬರೆಯಲು ಒಂದು ವಿಷಯ ಸಿಕ್ಕಂತಾಗುತ್ತದೆ. ಟಿಕೆಟ್ ಇಲ್ಲದವನ ಪಾಡೇ ಬೇರೆ.

ಕುರ್ಚಿ ಹೋದ ವಸಂತ

1933ರ ಏಪ್ರಿಲ್ 7ರಂದು ನಾಜಿ ಸರ್ಕಾರ ಸರ್ಕಾರಿ ನೌಕರರ ಕಾನೂನು ತಂದಿತು. ಯಹೂದಿ ಮೂಲದವರು ಸರ್ಕಾರಿ ಕೆಲಸದಲ್ಲಿ ಇರಕೂಡದು ಎಂಬುದು ಅದರ ತಿರುಳು. ಜರ್ಮನಿಯಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಸರ್ಕಾರಿ ನೌಕರರೇ. ಏಪ್ರಿಲ್ ಮುಗಿಯುವ ಮುಂಚೆಯೇ ಗಾಟಿಂಗೆನ್‌ನಲ್ಲಿ ರಜೆಯ ಮೇಲೆ ಕಳಿಸಲಾದವರ ಪಟ್ಟಿ ಬಂತು. ಗಣಿತಜ್ಞರಾದ ರಿಚರ್ಡ್ ಕೂರಂಟ್, ಎಮ್ಮಿ ನೋದರ್ ಜೊತೆಗೆ ಬಾರ್ನ್ ಹೆಸರೂ ಇತ್ತು. 12 ವರ್ಷ ಕಟ್ಟಿದ ಸಂಸಾರ, ಸಂಸ್ಥೆ ಎರಡನ್ನೂ ಬಿಟ್ಟು ಅವರು ಮೇ ತಿಂಗಳಲ್ಲಿ ಇಟಲಿಯ ಬೆಟ್ಟದೂರು ಸೆಲ್ವಾಕ್ಕೆ ಹೋದರು, ಅಲ್ಲಿಂದ ಇಂಗ್ಲೆಂಡಿಗೆ.

ಕೇಂಬ್ರಿಜ್ ಕೊಟ್ಟದ್ದು ಸ್ಟೋಕ್ಸ್ ಉಪನ್ಯಾಸಕ ಹುದ್ದೆ. ಮೂರು ವರ್ಷದ ಅವಧಿ, ಮುಂದಿನದಕ್ಕೆ ಭರವಸೆ ಇಲ್ಲ. ಆ ನವೆಂಬರಿನಲ್ಲಿ ಹೈಸೆನ್‌ಬರ್ಗ್‌ಗೆ 1932ರ ಸಾಲಿನ ನೊಬೆಲ್ ಘೋಷಣೆಯಾಯಿತು. ಮೂವರು ಸೇರಿ ಮಾಡಿದ ಕೆಲಸಕ್ಕೆ ತಾನೊಬ್ಬನೇ ಬಹುಮಾನ ಪಡೆಯುವುದು ಮನಸ್ಸಿಗೆ ಭಾರವಾಗಿದೆ ಎಂದು ಹೈಸೆನ್‌ಬರ್ಗ್ ಹಳೆಯ ಗುರುವಿಗೆ ಬರೆದರು. ಪತ್ರ ಪ್ರಾಮಾಣಿಕವಾಗಿತ್ತು. ಆದರೆ ಕೆಲಸ ಹುಡುಕುವ ನಿರಾಶ್ರಿತನಿಗೆ ನೊಬೆಲ್ ಇದ್ದಿದ್ದರೆ ಆಗುತ್ತಿದ್ದ ಅನುಕೂಲವೇ ಬೇರೆ.

ಕೇಂಬ್ರಿಜ್‌ನಲ್ಲಿ ಬಾರ್ನ್ ಕೈಕಟ್ಟಿ ಕೂರಲಿಲ್ಲ. ಪೋಲೆಂಡಿನ ಲಿಯೊಪೋಲ್ಡ್ ಇನ್‌ಫೆಲ್ಡ್ ಜೊತೆ 1934ರಲ್ಲಿ ವಿದ್ಯುತ್‌ಕಾಂತ ಕ್ಷೇತ್ರದ ಹೊಸ ಸಿದ್ಧಾಂತ ಕಟ್ಟಿದರು. ಪರಮಾಣು ಭೌತವಿಜ್ಞಾನದ ಪಠ್ಯವೊಂದನ್ನೂ ಜನಸಾಮಾನ್ಯರಿಗಾಗಿ ಇನ್ನೊಂದನ್ನೂ ಬರೆದರು. ಎರಡೂ 1935ರಲ್ಲಿ ಹೊರಬಂದವು. ಅಷ್ಟರಲ್ಲಿ ಕೇಂಬ್ರಿಜ್‌ನ ಅವಧಿ ಕರಗುತ್ತ ಬಂದಿತ್ತು. ಆಗ ಬಂತು ಬೆಂಗಳೂರಿನ ಕರೆ.

371 ಎಕರೆ, ಒಬ್ಬ ಹಟಮಾರಿ ನಿರ್ದೇಶಕ

ಭಾರತೀಯ ವಿಜ್ಞಾನ ಸಂಸ್ಥೆ ಶುರುವಾದದ್ದು 1909ರಲ್ಲಿ. ಜೆಮ್‌ಶೇಟ್‌ಜಿ ಟಾಟಾ ಅವರ ಕನಸು ಮತ್ತು ಹಣ, ಮೈಸೂರು ಅರಸರ 371 ಎಕರೆ ಜಮೀನು, ಬ್ರಿಟಿಷ್ ಭಾರತ ಸರ್ಕಾರದ ಅನುದಾನ, ಇಷ್ಟು ಸೇರಿ ಆದ ಸಂಸ್ಥೆ. ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಮೊದಲ ಇಪ್ಪತ್ನಾಲ್ಕು ವರ್ಷ ನಿರ್ದೇಶಕರೆಲ್ಲ ಬ್ರಿಟಿಷರು. ರಸಾಯನವಿಜ್ಞಾನದ್ದೇ ಕಾರುಬಾರು, ಅದರ ಜೊತೆಗೆ ವಿದ್ಯುತ್ ತಂತ್ರಜ್ಞಾನ. ಭೌತವಿಜ್ಞಾನ ವಿಭಾಗ ಎಂಬುದೇ ಇರಲಿಲ್ಲ.

1933ರಲ್ಲಿ ಬಂದರು ಸಿ.ವಿ. ರಾಮನ್. ಮೂರು ವರ್ಷದ ಹಿಂದೆ ನೊಬೆಲ್ ಗೆದ್ದವರು, ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರು. ಬಂದವರೇ ಭೌತವಿಜ್ಞಾನ ವಿಭಾಗ ತೆರೆದರು. ಮರುವರ್ಷ ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಅಕಾಡೆಮಿ ಸ್ಥಾಪಿಸಿ ಅದರ ಸಂಶೋಧನಾ ಪತ್ರಿಕೆ ಹೊರಡಿಸಿದರು. ಆವರಣದಲ್ಲಿ ಗಿಡಮರ, ಹೂದೋಟ ಮಾಡಿಸಿದರು. ಹಣ ಎಲ್ಲಿಂದ? ಇದ್ದ ಬಜೆಟ್ಟಿನಿಂದಲೇ. ಅಂದರೆ ಹಳೆಯ ವಿಭಾಗಗಳ ಪಾಲಿಗೆ ಕತ್ತರಿ.

ಪರದೇಶದ ಅತಿಥಿಯಾಗಿ ಇರುವುದೆಂದರೇನು ಎಂದು ರಾಮನ್‌ಗೆ ಹೊಸದಾಗಿ ಯಾರೂ ಹೇಳಬೇಕಾಗಿರಲಿಲ್ಲ. 1924ರಲ್ಲಿ ರಾಬರ್ಟ್ ಮಿಲಿಕನ್ ಆಹ್ವಾನದ ಮೇಲೆ ಅವರೇ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಕೆಲವು ತಿಂಗಳು ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಜರ್ಮನಿ ತನ್ನ ಅತ್ಯುತ್ತಮ ವಿಜ್ಞಾನಿಗಳನ್ನು ತಾನೇ ಹೊರಗಟ್ಟುತ್ತಿದೆ, ಅವರಲ್ಲಿ ಒಬ್ಬಿಬ್ಬರನ್ನಾದರೂ ಬೆಂಗಳೂರಿಗೆ ತರಿಸಬೇಕು ಎಂಬುದು ಅವರ ಲೆಕ್ಕ. ಅದರಲ್ಲಿ ಕರುಣೆಯೂ ಇತ್ತು, ಜಾಣತನವೂ ಇತ್ತು. ಅಮೆರಿಕದ ವಿಶ್ವವಿದ್ಯಾಲಯಗಳು ಅದೇ ಕೆಲಸ ದೊಡ್ಡ ಪ್ರಮಾಣದಲ್ಲಿ ಮಾಡಿ ಏನು ಗಳಿಸಿದವೆಂದು ಜಗತ್ತಿಗೇ ಗೊತ್ತು.

ಬಾರ್ನ್ ದಂಪತಿ 1935ರ ಶರತ್ಕಾಲದಲ್ಲಿ ಬಂದರು. ಆರು ತಿಂಗಳಿಗೆ ರೀಡರ್ ಹುದ್ದೆ. ಪೇಟ ಸುತ್ತಿ ಎದುರುಗೊಂಡ ರಾಮನ್ ಬಾರ್ನ್ ಕಣ್ಣಿಗೆ ಅರೇಬಿಯನ್ ಕಥೆಗಳ ರಾಜಕುಮಾರನಂತೆ ಕಂಡರು. ಯುರೋಪಿನಿಂದ ಬರುವವರು ಪೂರ್ವದೇಶದ ಯಾರನ್ನು ಕಂಡರೂ ಆ ಕಥೆಗಳಿಗೇ ಕೈಹಾಕುವುದು ಆ ಕಾಲದ ರೂಢಿ. ಆದರೆ ಬಾರ್ನ್ ಅಲ್ಲಿಗೇ ನಿಲ್ಲಲಿಲ್ಲ, ಆತಿಥೇಯರ ಗುಣವನ್ನೂ ದೋಷವನ್ನೂ ಹತ್ತಿರದಿಂದ ಅಳೆದರು.

ಪಾಠದ ಕೋಣೆಯಲ್ಲಿ

ಆರು ತಿಂಗಳಲ್ಲಿ ಏನು ಕಲಿಸಬಹುದು? ಪಠ್ಯಕ್ರಮ ಮುಗಿಸಲು ಅದು ಸಾಲದು, ಭಾಷಣ ಬಿಗಿದು ಹೋಗಲು ಅದು ಹೆಚ್ಚು. ಬಾರ್ನ್ ಉಪನ್ಯಾಸಗಳನ್ನೂ ಕೊಟ್ಟರು, ಜೊತೆಗೆ ತಮ್ಮ ಮೇಜಿನ ಮೇಲೆ ಅರ್ಧಂಬರ್ಧ ಬಿದ್ದಿದ್ದ ಸಮಸ್ಯೆಗಳನ್ನೇ ಬೆಂಗಳೂರಿನ ಹುಡುಗರ ಮುಂದಿಟ್ಟರು. ಅಕಾಡೆಮಿ ಪತ್ರಿಕೆಯ 1935–36ರ ಸಂಪುಟಗಳು ಇದಕ್ಕೆ ಸಾಕ್ಷಿ.

ಮೊದಲು ಬಂದದ್ದು 137 ಎಂಬ ಸಂಖ್ಯೆಯ ರಹಸ್ಯದ ಬಗ್ಗೆ ಅವರು ಬೆಂಗಳೂರಿನಲ್ಲಿ ಕೊಟ್ಟ ಉಪನ್ಯಾಸ. ಎಲೆಕ್ಟ್ರಾನಿನ ವಿದ್ಯುದಂಶ, ಪ್ಲಾಂಕ್ ಸ್ಥಿರಾಂಕ, ಬೆಳಕಿನ ವೇಗ, ಈ ಮೂರನ್ನು ಒಂದು ಹದದಲ್ಲಿ ಗುಣಿಸಿ ಭಾಗಿಸಿದರೆ ಮೀಟರು, ಸೆಕೆಂಡು, ಕಿಲೋಗ್ರಾಂಗಳೆಲ್ಲ ಹೊಡೆದುಹೋಗಿ ಬರಿಯ ಸಂಖ್ಯೆಯೊಂದು ಉಳಿಯುತ್ತದೆ. ಅದು ಸುಮಾರು 137ರಲ್ಲಿ ಒಂದು ಪಾಲು. ಬೆಳಕಿಗೂ ವಿದ್ಯುದಂಶವಿರುವ ಕಣಕ್ಕೂ ಇರುವ ನಂಟು ಎಷ್ಟು ಗಟ್ಟಿ ಎಂಬುದರ ಅಳತೆ ಅದು. ಈ ಸಂಖ್ಯೆ ಬಹಳ ಬೇರೆಯಾಗಿದ್ದರೆ ಈಗ ಕಾಣುವಂಥ ಜಗತ್ತು ಇರುತ್ತಿರಲಿಲ್ಲ, ಹಾಗಾಗಿ ಅದು ಹೀಗೇ ಯಾಕಿದೆ ಎಂದು ತಿಳಿಯುವುದು ವಿಜ್ಞಾನದ ನಡುಮನೆಯ ಪ್ರಶ್ನೆ ಎಂಬುದು ಬಾರ್ನ್ ವಾದ. ಉತ್ತರ ಅವರ ಬಳಿಯೂ ಇರಲಿಲ್ಲ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ತರಗತಿಗೆ ತರುವ ಧೈರ್ಯ ಎಲ್ಲ ಮೇಷ್ಟರಿಗೂ ಇರುವುದಿಲ್ಲ.

---
137ರ ಬೆನ್ನು ಹತ್ತಿದವರು

• ಇಂದಿನ ಅಳತೆಯಂತೆ ಆ ಸಂಖ್ಯೆ ಸುಮಾರು 137.036. ಅದು ಯಾಕೆ ಅಷ್ಟೇ ಇದೆ ಎಂಬುದಕ್ಕೆ ಇಂದಿಗೂ ಒಪ್ಪಿತ ವಿವರಣೆ ಇಲ್ಲ.

• ಬ್ರಿಟಿಷ್ ಖಗೋಳವಿಜ್ಞಾನಿ ಆರ್ಥರ್ ಎಡಿಂಗ್ಟನ್ ಅದು ಸರಿಯಾಗಿ 136 ಎಂದು ತರ್ಕದಿಂದಲೇ ಸಾಧಿಸಿದರು. ಪ್ರಯೋಗ 137ರ ಹತ್ತಿರ ಬಂದಾಗ ತರ್ಕಕ್ಕೆ ಒಂದು ಕೂಡಿಸಿ ಅದನ್ನೂ ಸಾಧಿಸಿದರು. ಗೆಳೆಯರು ನಕ್ಕರು.

• ಬಾರ್ನ್ ಅವರ ಹಳೆಯ ಸಹಾಯಕ ಪೌಲಿಗೂ ಜೀವನಪೂರ್ತಿ ಈ ಸಂಖ್ಯೆಯ ಹುಚ್ಚು. 1958ರ ಡಿಸೆಂಬರಿನಲ್ಲಿ ಜೂರಿಕ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡದ್ದು 137ನೇ ನಂಬರಿನ ಕೋಣೆಯಲ್ಲಿ.
---

ಇನ್ನೊಂದು ಪ್ರಬಂಧ ಎನ್.ಎಸ್. ನಾಗೇಂದ್ರನಾಥ್ ಜೊತೆಗೂಡಿ ಬರೆದದ್ದು. ರಾಮನ್ ಶಿಷ್ಯರಾದ ನಾಗೇಂದ್ರನಾಥ್ ಗಣಿತದಲ್ಲಿ ಚುರುಕು. ದ್ರವದೊಳಗೆ ಹಾಯುವ ಶಬ್ದಾತೀತ ಅಲೆಗಳು ಬೆಳಕನ್ನು ಹೇಗೆ ಕವಲಾಗಿ ಒಡೆಯುತ್ತವೆ ಎಂಬ ಪ್ರಸಿದ್ಧ ರಾಮನ್–ನಾಥ್ ಸಿದ್ಧಾಂತದ ಸರಣಿ ಹೊರಬರುತ್ತಿದ್ದದ್ದೂ ಇದೇ ಕಾಲದಲ್ಲಿ. ಶಬ್ದದಿಂದ ಲೇಸರ್ ಕಿರಣವನ್ನು ತಿರುಗಿಸುವ ಇಂದಿನ ಸಾಧನಗಳಲ್ಲಿ ಆ ಲೆಕ್ಕ ಈಗಲೂ ಬಳಕೆಯಲ್ಲಿದೆ. ಬಾರ್ನ್ ಮತ್ತು ನಾಗೇಂದ್ರನಾಥ್ ಕೈಗೆತ್ತಿಕೊಂಡದ್ದು ಬೇರೆ ವಿಷಯ, ಬೆಳಕಿನ ಕಣವೇ ನ್ಯೂಟ್ರಿನೊ ಜೋಡಿಯಿಂದ ಆಗಿರಬಹುದೆ ಎಂಬ ಊಹೆ. ಲೂಯಿ ದ ಬ್ರಾಯಿ, ಯೋರ್ಡಾನ್ ಮೊದಲಾದವರು ಅದರ ಹಿಂದೆ ಬಿದ್ದಿದ್ದರು. ಆ ಊಹೆ ಬಾಳಲಿಲ್ಲ. ಆದರೆ ಯುರೋಪಿನಲ್ಲಿ ಆ ವರ್ಷ ಬಿಸಿಬಿಸಿಯಾಗಿ ಚರ್ಚೆಯಾಗುತ್ತಿದ್ದ ವಿಷಯದಲ್ಲಿ ಬೆಂಗಳೂರಿನ ತರುಣನೊಬ್ಬ ಕೈಜೋಡಿಸಿದ್ದು ಸಣ್ಣ ಮಾತಲ್ಲ.

ಇನ್ನೊಬ್ಬರು ಇನ್‌ಸ್ಟಿಟ್ಯೂಟಿನವರಲ್ಲ, ಸೆಂಟ್ರಲ್ ಕಾಲೇಜಿನ ಗಣಿತದ ಮೇಷ್ಟ್ರು ಬಿ.ಎಸ್. ಮಾಧವರಾವ್. ಎಲೆಕ್ಟ್ರಾನನ್ನು ಬರಿಯ ಬಿಂದುವೆಂದು ಹಿಡಿದರೆ ಆ ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರ ಅನಂತವಾಗುತ್ತದೆ, ಅದರ ಶಕ್ತಿಯೂ ಅನಂತವಾಗುತ್ತದೆ. ಅದು ಹಳೆಯ ತಲೆನೋವು. ವೇಗಕ್ಕೆ ಬೆಳಕಿನ ವೇಗ ಹೇಗೆ ಮಿತಿಯೋ ಹಾಗೆ ಕ್ಷೇತ್ರಕ್ಕೂ ಒಂದು ಮಿತಿ ಇಟ್ಟರೆ ಅನಂತದ ಕಾಟ ತಪ್ಪುತ್ತದೆ ಎಂಬುದು ಬಾರ್ನ್–ಇನ್‌ಫೆಲ್ಡ್ ಸಿದ್ಧಾಂತ. ಮಾಧವರಾವ್ ಆ ಸಿದ್ಧಾಂತದ ಗಣಿತವನ್ನು ಹಿಡಿದು ಸರಣಿ ಪ್ರಬಂಧ ಬರೆದರು. ಬಿಂದುವಿನ ಬದಲು ಬಳೆಯಾಕಾರದ ಮೂಲವಿದ್ದರೆ ಏನಾಗುತ್ತದೆ ಎಂಬುದು ಅವುಗಳಲ್ಲಿ ಒಂದು. ಸಿದ್ಧಾಂತ ಆಮೇಲೆ ದಶಕಗಟ್ಟಲೆ ಮೂಲೆ ಸೇರಿತ್ತು. 1980ರ ದಶಕದಲ್ಲಿ ತಂತು ಸಿದ್ಧಾಂತದವರಿಗೆ ಅದೇ ಸಮೀಕರಣ ತಮ್ಮ ಲೆಕ್ಕದೊಳಗಿಂದಲೇ ಎದುರಾಯಿತು. ಈಗ ಅದು ಮತ್ತೆ ಚಾಲ್ತಿಯಲ್ಲಿದೆ.

ಇನ್‌ಸ್ಟಿಟ್ಯೂಟಿನ ಗೇಟಿನೊಳಗೆ ಬಂದ ಅತಿಥಿ ಗೇಟಿನ ಹೊರಗಿನ ಕಾಲೇಜು ಮೇಷ್ಟರಿಗೂ ದಕ್ಕಿದ್ದು ಈ ಆರು ತಿಂಗಳ ದೊಡ್ಡ ಲಾಭ ಎನ್ನಬೇಕು. ಮಾಧವರಾವ್ ಆ ವಿದ್ಯೆಯನ್ನು ಕೈಬಿಡಲಿಲ್ಲ.

ಸಭೆಯ ಹಿಂದಿನ ಕಥೆ

ಆಸ್ಟನ್ ಒಬ್ಬರ ಬಾಯಿಹರುಕುತನದಿಂದಲೇ ಬಾರ್ನ್ ಅವಕಾಶ ತಪ್ಪಿತು ಎಂದರೆ ಕಥೆ ಸರಳವಾಗುತ್ತದೆ. ನಡೆದದ್ದು ಅಷ್ಟು ಸರಳವಲ್ಲ.

ರಾಮನ್ ಮೇಲೆ ಸಂಸ್ಥೆಯೊಳಗೆ ಹೊಗೆ ಏಳುತ್ತಲೇ ಇತ್ತು. ರಸಾಯನವಿಜ್ಞಾನದ ಹಣ ಭೌತವಿಜ್ಞಾನಕ್ಕೆ ಹರಿಯುತ್ತಿದೆ, ನಿರ್ದೇಶಕರು ಯಾರನ್ನೂ ಕೇಳುವುದಿಲ್ಲ, ತಮ್ಮ ವಿಭಾಗ ಬಿಟ್ಟು ಉಳಿದವರನ್ನು ಲೆಕ್ಕಕ್ಕಿಡುವುದಿಲ್ಲ ಎಂಬವು ದೂರುಗಳು. ದೂರುಗಳೆಲ್ಲ ಸುಳ್ಳಾಗಿರಲಿಲ್ಲ. ರಾಮನ್ ನಯವಾಗಿ ಕೆಲಸ ಸಾಧಿಸುವವರೇ ಅಲ್ಲ. ಹಳಬರ ಸುಖಕ್ಕೆ ಭಂಗ ಬಂದದ್ದೂ ಅಷ್ಟೇ ನಿಜ. ಬಾರ್ನ್ ಮುಂದೆ ಭೌತವಿಜ್ಞಾನಿ ಅರ್ನೆಸ್ಟ್ ರುದರ್‌ಫೋರ್ಡ್‌ಗೆ ಬರೆದ ಪತ್ರದಲ್ಲಿ ಈ ಎರಡನೆಯದನ್ನೇ ಒತ್ತಿ ಹೇಳಿದರು: ರಾಮನ್ ಬಂದಾಗ ಅದು ತೂಕಡಿಸುವ ಜಾಗವಾಗಿತ್ತು, ಒಳ್ಳೆಯ ಸಂಬಳ ಎಣಿಸುತ್ತಿದ್ದವರು ಹೆಚ್ಚು ಕೆಲಸ ಮಾಡುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ನಿರ್ದೇಶಕರು ಹೊಸ ಪೀಠದ ಪ್ರಸ್ತಾವ ತಂದರೆ ಸಭೆ ಅದನ್ನು ಹೇಗೆ ನೋಡುತ್ತದೆ? ಭೌತವಿಜ್ಞಾನಕ್ಕೆ ಇನ್ನೊಂದು ಕಾಯಂ ಸಂಬಳ, ಅದೂ ರಾಮನ್ ಕಡೆಯವರಿಗೆ. ಬಾರ್ನ್ ಯೋಗ್ಯತೆಯ ಪ್ರಶ್ನೆ ನೆಪಮಾತ್ರ. ರಾಮನ್ ಮೇಲಿನ ಸಿಟ್ಟು ಅತಿಥಿಯ ಮೇಲೆ ತಿರುಗಿತು. ಅವರಿಗೆ ತಿರುಗಿ ಹೋಗಲು ಊರೇ ಇಲ್ಲ ಎಂಬುದು ಎದುರಾಳಿಗೆ ಆಯುಧವಾಯಿತು. ಬಾಸ್ಟನ್ನಿನಲ್ಲಿ ಇದೇ ಮನುಷ್ಯನ ಮೇಲೆ ಯಾರಿಗೂ ಇಂಥ ಮಾತು ಆಡಲಾಗುತ್ತಿರಲಿಲ್ಲ, ಅಲ್ಲಿ ಅವರು ಗಾಟಿಂಗೆನ್‌ನ ಪ್ರಾಧ್ಯಾಪಕ ಬಾರ್ನ್.

ಇಲ್ಲಿ ರಾಮನ್ ಎಡವಿದ್ದೂ ಉಂಟು. ತನ್ನ ನೇಮಕದ ಚರ್ಚೆ ನಡೆಯುವ ಸಭೆಯಲ್ಲಿ ಅಭ್ಯರ್ಥಿಯನ್ನೇ ಕೂರಿಸಿಕೊಳ್ಳುವುದು ಯಾವ ಸಂಸ್ಥೆಯಲ್ಲೂ ಒಳ್ಳೆಯ ಪದ್ಧತಿಯಲ್ಲ.

ಪೀಠ ಮಂಜೂರಾಗಲಿಲ್ಲ. 1936ರ ವಸಂತದ ಹೊತ್ತಿಗೆ ಬಾರ್ನ್ ದಂಪತಿ ಬೆಂಗಳೂರು ಬಿಟ್ಟರು. ಅದೇ ವರ್ಷ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸರ್ ಜೇಮ್ಸ್ ಅರ್ವಿನ್ ನೇತೃತ್ವದ ಪರಿಶೀಲನಾ ಸಮಿತಿ ಸಂಸ್ಥೆಯ ಆಡಳಿತವನ್ನು ಜಾಲಾಡಿ ರಾಮನ್ ವಿರುದ್ಧ ವರದಿ ಕೊಟ್ಟಿತು. ರುದರ್‌ಫೋರ್ಡ್‌ಗೆ ಬಾರ್ನ್ ಪತ್ರ ಬರೆದದ್ದು ಈ ಬಿಕ್ಕಟ್ಟಿನ ನಡುವೆ. ರಾಮನ್ ಸಮಕ್ಕೆ ನಿಲ್ಲುವ ಇನ್ನೊಬ್ಬ ಭೌತವಿಜ್ಞಾನಿ ಭಾರತದಲ್ಲಿ ಇಲ್ಲ ಎಂಬುದು ಅವರ ಅಭಿಪ್ರಾಯ. ಪ್ರಯೋಜನವಾಗಲಿಲ್ಲ. 1937ರಲ್ಲಿ ರಾಮನ್ ನಿರ್ದೇಶಕ ಹುದ್ದೆ ಬಿಡಬೇಕಾಯಿತು, ಭೌತವಿಜ್ಞಾನದ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲೇ ಉಳಿದರು.

---
ಬೇರೆ ಊರಿನ ಕರಿಹಲಗೆ

ಅರ್ನಾಲ್ಡ್ ಸೊಮ್ಮರ್‌ಫೆಲ್ಡ್, ಕಲ್ಕತ್ತಾ, 1928: ಮ್ಯೂನಿಕ್‌ನ ಹಿರಿಯ ಪ್ರಾಧ್ಯಾಪಕರು ಹೊಸ ತರಂಗ ಬಲವಿಜ್ಞಾನದ ಬಗ್ಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮಾತಾಡಿದರು. ರಾಮನ್ ಪರಿಣಾಮ ಪತ್ತೆಯಾದ ವರ್ಷವೇ ಅದು. ಉಪನ್ಯಾಸಗಳ ಟಿಪ್ಪಣಿ ಸಿದ್ಧಮಾಡಿದವರು ರಾಮನ್ ಸಹೋದ್ಯೋಗಿ ಕೆ.ಎಸ್. ಕೃಷ್ಣನ್.

ಆಂದ್ರೆ ವೇಯ್, ಅಲೀಗಢ, 1930–32: ಫ್ರಾನ್ಸಿನ ಈ ಗಣಿತಜ್ಞ ಮೊದಲು ಬಯಸಿದ್ದು ಫ್ರೆಂಚ್ ಸಂಸ್ಕೃತಿಯ ಪೀಠವನ್ನು. ಅದು ಆಗದು, ಗಣಿತದ್ದು ಖಾಲಿ ಇದೆ ಎಂದು ಕುಲಪತಿ ಸೈಯದ್ ರಾಸ್ ಮಸೂದ್ ತಂತಿ ಕಳಿಸಿದರು. ಸೇರಿದಾಗ ಅವರಿಗೆ 23 ವರ್ಷ, ನೇರವಾಗಿ ವಿಭಾಗದ ಮುಖ್ಯಸ್ಥ. ಡಿ.ಡಿ. ಕೋಸಾಂಬಿ ಅವರನ್ನು ಅಲೀಗಢಕ್ಕೆ ತಂದವರು ಇವರೇ. ಎರಡು ವರ್ಷದಲ್ಲಿ ಕೆಲಸ ಕಳೆದುಕೊಂಡು ಊರಿಗೆ ಮರಳಿದರು.

ರಿಚರ್ಡ್ ಫೈನ್‌ಮನ್, ರಿಯೊ ಡಿ ಜನೈರೊ, 1951–52: ಬೆಳಕು ಎಷ್ಟು ಕೋನದಲ್ಲಿ ಪ್ರತಿಫಲಿಸಿದರೆ ಧ್ರುವೀಕರಣವಾಗುತ್ತದೆ ಎಂದು ಬ್ರೆಜಿಲ್‌ನ ವಿದ್ಯಾರ್ಥಿಗಳು ತಟ್ಟನೆ ಒಪ್ಪಿಸುತ್ತಿದ್ದರು. ಕಿಟಕಿಯಾಚೆಯ ಕಡಲಿನ ಹೊಳಪೂ ಅದೇ ಬೆಳಕು ಎಂದು ಅವರಿಗೆ ತೋಚಿರಲಿಲ್ಲ, ಪೊಲರಾಯ್ಡ್ ಹಾಳೆ ಹಿಡಿದು ನೋಡಿದಾಗ ಬೆರಗಾದರು. ವರ್ಷದ ಕೊನೆಗೆ, ಅಧಿಕಾರಿಗಳೂ ಇದ್ದ ಸಭೆಯಲ್ಲಿ, ಈ ದೇಶದಲ್ಲಿ ವಿಜ್ಞಾನವನ್ನೇ ಕಲಿಸುತ್ತಿಲ್ಲ ಎಂದು ಫೈನ್‌ಮನ್ ಹೇಳಿಬಿಟ್ಟರು. ಅದೇ ಕಾಲದಲ್ಲಿ ಅವರು ರಿಯೊದ ಸಾಂಬಾ ತಂಡದಲ್ಲಿ ವಾದ್ಯ ಬಾರಿಸಿದ್ದೂ ಉಂಟು. ಕ್ಯಾಲ್‌ಟೆಕ್‌ನಲ್ಲಿ ಅವರ ಕುರ್ಚಿ ಭದ್ರವಾಗಿತ್ತು.
---

ಎಡಿನ್‌ಬರೋದಿಂದ ಎದುರುವಾದ

ಕೇಂಬ್ರಿಜ್‌ಗೆ ಮರಳಿದಾಗ ಬಾರ್ನ್ ಮುಂದೆ ಕಾಯಂ ಕೆಲಸ ಇರಲಿಲ್ಲ. ಮಾಸ್ಕೋದಿಂದ ಭೌತವಿಜ್ಞಾನಿ ಪ್ಯೋತ್ರ್ ಕಪಿತ್ಸಾ ಆಹ್ವಾನ ಕಳಿಸಿದ್ದರು. ಅದನ್ನೂ ಅವರು ಯೋಚಿಸತೊಡಗಿದ್ದರು. ಅಷ್ಟರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಟೈಟ್ ಪೀಠ ತೆರವಾಯಿತು. ಅಲ್ಲಿದ್ದ ಚಾರ್ಲ್ಸ್ ಗಾಲ್ಟನ್ ಡಾರ್ವಿನ್, ಜೀವವಿಕಾಸದ ಡಾರ್ವಿನ್ನರ ಮೊಮ್ಮಗ, ಕೇಂಬ್ರಿಜ್‌ನ ಕಾಲೇಜೊಂದರ ಮುಖ್ಯಸ್ಥರಾಗಿ ಹೋದರು. 1936ರ ಅಕ್ಟೋಬರಿನಿಂದ 17 ವರ್ಷ, ನಿವೃತ್ತಿಯವರೆಗೆ, ಬಾರ್ನ್ ಎಡಿನ್‌ಬರೋದಲ್ಲೇ ಇದ್ದರು. ಬ್ರಿಟಿಷ್ ಪೌರತ್ವ ಕೈಗೆ ಬಂದದ್ದು 1939ರ ಆಗಸ್ಟ್ 31ರಂದು, ಯುದ್ಧ ಶುರುವಾಗುವ ಹಿಂದಿನ ದಿನ. ಒಂದು ವಾರ ತಡವಾಗಿದ್ದರೆ ಶತ್ರುದೇಶದವರೆಂಬ ಹಣೆಪಟ್ಟಿ ಅಂಟುತ್ತಿತ್ತು.

ಬೆಂಗಳೂರಿನ ನಂಟು ಅಲ್ಲಿಗೆ ಕಡಿಯಲಿಲ್ಲ. ಅದು ಜಗಳದ ರೂಪದಲ್ಲಿ ಮುಂದುವರಿಯಿತು.

ಹರಳಿನಲ್ಲಿ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದಕ್ಕೆ ಬಾರ್ನ್ 1912ರಲ್ಲೇ ಥಿಯೋಡೋರ್ ಫಾನ್ ಕಾರ್ಮನ್ ಜೊತೆ ಸಿದ್ಧಾಂತ ಕೊಟ್ಟಿದ್ದರು. ಬಾಸ್ಟನ್ನಿನ ಆ 10 ಉಪನ್ಯಾಸಗಳು ಇದೇ ಪರಂಪರೆಯವು. ಅವರ ಪ್ರಕಾರ ಕಂಪನಗಳ ಆವೃತ್ತಿಗಳು ಒಂದಕ್ಕೊಂದು ಒತ್ತಿಕೊಂಡು ನಿರಂತರ ಪಟ್ಟಿಯಾಗಿರುತ್ತವೆ. 1940ರ ದಶಕದಲ್ಲಿ ರಾಮನ್ ಇದನ್ನು ತಪ್ಪು ಎಂದರು. ವಜ್ರದಿಂದ ಚದುರಿದ ಬೆಳಕಿನಲ್ಲಿ ಬೆಂಗಳೂರಿನ ಆರ್.ಎಸ್. ಕೃಷ್ಣನ್ ಹರಿತವಾದ ಗೆರೆಗಳನ್ನು ಹಿಡಿದಿದ್ದರು. ಆವೃತ್ತಿಗಳು ಬಿಡಿಬಿಡಿಯಾಗಿ ಕೆಲವೇ ಇರುವುದಕ್ಕೆ ಇದೇ ಪುರಾವೆ ಎಂದು ರಾಮನ್ ಪಟ್ಟುಹಿಡಿದರು.

ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾದ ನಡೆಯಿತು, ದನಿಯೂ ಖಾರವಾಯಿತು. ಎಡಿನ್‌ಬರೋದಲ್ಲಿ ಹೆಲೆನ್ ಸ್ಮಿತ್ 1948ರಲ್ಲಿ ಬಾರ್ನ್ ಸಿದ್ಧಾಂತದಿಂದಲೇ ವಜ್ರದ ಲೆಕ್ಕ ಮಾಡಿ, ನಿರಂತರ ಪಟ್ಟಿಯಿಂದಲೂ ಅಂಥ ತೀಕ್ಷ್ಣ ಏರುಗಳು ಬರಬಹುದೆಂದು ತೋರಿಸಿದರು. ಆಮೇಲೆ ನ್ಯೂಟ್ರಾನ್ ಚದುರುವಿಕೆಯ ಪ್ರಯೋಗಗಳು ಬಾರ್ನ್ ಪರವಾಗಿ ತೀರ್ಪು ಕೊಟ್ಟವು. ರಾಮನ್ ಒಪ್ಪಲಿಲ್ಲ. ಕೃಷ್ಣನ್ ಅಳತೆಗಳು ಮಾತ್ರ ಮೊದಲ ದರ್ಜೆಯವು, ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಒಂದು ವೇಳೆ ಬಾರ್ನ್ ಬೆಂಗಳೂರಿನಲ್ಲೇ ಉಳಿದಿದ್ದರೆ ಆ ಅಳತೆಗೂ ಈ ಲೆಕ್ಕಕ್ಕೂ ಒಂದೇ ಕಾರಿಡಾರಿನಲ್ಲಿ ಭೇಟಿಯಾಗುತ್ತಿತ್ತು. ಇಬ್ಬರು ಹಟವಾದಿಗಳು ಒಂದೇ ಕಾರಿಡಾರಿನಲ್ಲಿ ಎಷ್ಟು ದಿನ ಇರುತ್ತಿದ್ದರು ಎಂಬುದೂ ಪ್ರಶ್ನೆಯೇ.

ಬಾರ್ನ್ 1953ರಲ್ಲಿ ನಿವೃತ್ತರಾಗಿ ಜರ್ಮನಿಯ ಬಾಡ್ ಪಿರ್ಮಾಂಟ್ ಎಂಬ ಸಣ್ಣ ಊರಿಗೆ ಮರಳಿದರು. 1954ರಲ್ಲಿ ವಾಲ್ಟರ್ ಬೋಥೆ ಜೊತೆ ನೊಬೆಲ್ ಹಂಚಿಕೊಂಡರು. ಎರಡನೇ ದರ್ಜೆ ಎಂಬ ಮಾತಿಗೆ ಸ್ಟಾಕ್‌ಹೋಮ್ ಕೊಟ್ಟ ಉತ್ತರ ಹದಿನೆಂಟು ವರ್ಷ ತಡವಾಗಿತ್ತು. ಬಾರ್ನ್ 1970ರ ಜನವರಿಯಲ್ಲಿ ತೀರಿಕೊಂಡರು, ರಾಮನ್ ಅದೇ ವರ್ಷದ ನವೆಂಬರಿನಲ್ಲಿ.

ಪೀಠವಿಲ್ಲದೆ ಬೇರೂರಿದ್ದು

ಬಾರ್ನ್‌ಗೆ ಸಿಗದ ಜಾಗಕ್ಕೆ ಇನ್ನೊಬ್ಬರು ಬಂದದ್ದು ಯಾರ ಪ್ರಸ್ತಾವದಿಂದಲೂ ಅಲ್ಲ, ಯುದ್ಧದಿಂದ. ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದರು. ಯುದ್ಧ ಶುರುವಾಗಿ ಹಡಗಿನ ದಾರಿ ಮುಚ್ಚಿತು. ಅವರು ಬೆಂಗಳೂರಿನ ಇದೇ ಸಂಸ್ಥೆಗೆ, ರಾಮನ್ ಮುಖ್ಯಸ್ಥರಾಗಿದ್ದ ಭೌತವಿಜ್ಞಾನ ವಿಭಾಗಕ್ಕೆ, ರೀಡರ್ ಆಗಿ ಸೇರಿದರು. ನಾಲ್ಕೈದು ವರ್ಷದ ಹಿಂದೆ ಬಾರ್ನ್‌ಗೆ ಕೊಟ್ಟಿದ್ದೂ ರೀಡರ್ ಹುದ್ದೆಯೇ. ಮುಂದೆ ಭಾಭಾ ಅವರಿಗೆ ವಿಶ್ವಕಿರಣ ಸಂಶೋಧನೆಯ ಪ್ರಾಧ್ಯಾಪಕ ಹುದ್ದೆಯೂ ಸಿಕ್ಕಿತು. ಈ ಸಲ ಯಾರೂ ತಕರಾರು ತೆಗೆದು ಅವರನ್ನು ಹೊರಗೆ ಕಳಿಸಲಿಲ್ಲ.

ಭಾಭಾಗೆ ಬೆಂಗಳೂರಿನಲ್ಲಿ ಗಣಿತದ ಜೊತೆಗಾರರಾಗಿ ಸಿಕ್ಕವರಲ್ಲಿ ಸೆಂಟ್ರಲ್ ಕಾಲೇಜಿನ ಮಾಧವರಾವ್ ಒಬ್ಬರು. 1943ರಲ್ಲಿ ಅಲಹಾಬಾದಿನಿಂದ ಹರೀಶ್‌ಚಂದ್ರ ಎಂಬ ತರುಣ ಭಾಭಾ ಬಳಿ ಕೆಲಸ ಮಾಡಲು ಬಂದರು. ಎರಡು ವರ್ಷದ ನಂತರ ಅವರು ಪಾಲ್ ಡಿರಾಕ್ ಬಳಿ ಕೇಂಬ್ರಿಜ್‌ಗೆ ಹೋದರು, ಆಮೇಲೆ 20ನೇ ಶತಮಾನದ ದೊಡ್ಡ ಗಣಿತಜ್ಞರ ಸಾಲಿಗೆ ಸೇರಿದರು. ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್‌ನಲ್ಲಿ ಆರಂಭವಾದದ್ದು ಇದೇ ಬೆಂಗಳೂರಿನ ಆವರಣದಲ್ಲಿ. ಅದೇ ವರ್ಷದ ಕೊನೆಯೊಳಗೆ ಅದು ಮುಂಬಯಿಗೆ ಸ್ಥಳಾಂತರಗೊಂಡಿತು.